ಮಗನ ಟೀ ಶರ್ಟ್ ಮೇಲೆ ದೆವ್ವದ ಬುರುಡೆ, ಹಾಡು ಮಾತ್ರ ಯೇಸುವಿನದು ಅಂತಾನೆ. ಇದು ನಿಜವಾ?

ಬೆಟಗೇರಿ ಮಗಳು, ಡೊಂಬಿವಲಿ

ಎಲ್ಲರಿಗೂ ವಂದನೆಗಳು. ನನ್ನ ಮಗನಿಗೆ ಈಗ 17 ವರ್ಷ. ಹನ್ನೆರಡನೇ ಕ್ಲಾಸು. ನಮ್ಮ ಮೂಲ ಗದಗ-ಬೆಟಗೇರಿ. ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರು. ನಾನು ಠಾಣೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. 19 ವರ್ಷದಿಂದ ಹೆರಿಗೆ ವಾರ್ಡಿನಲ್ಲೇ ಇದ್ದೇನೆ. ಮನೆಯವರಿಗೆ ಅಂಬರನಾಥದಲ್ಲಿ ಶಿಫ್ಟ್ ಕೆಲಸ. ಮಗನ ಜೊತೆ ಕೂತು ಮಾತಾಡಲು ನಮಗೆ ಸಿಗುವುದು ಭಾನುವಾರ ಒಂದೇ.

ಮಗ ನಮ್ಮ ಕನ್ನಡ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಗಿಟಾರ್ ನುಡಿಸುತ್ತಾನೆ. ಸಂಗೀತ ಕಲಿಸಿದ್ದು ನನ್ನ ಅಪ್ಪ. ಅಪ್ಪ ಹಾರ್ಮೋನಿಯಂ ಹಿಡಿದು ಕೂತರೆ ಇವನು ಪಕ್ಕದಲ್ಲಿ ಕೂತು ಗೀತೆಗಳಿಗೆಲ್ಲ ಗಿಟಾರ್ ಸೇರಿಸುತ್ತಿದ್ದ. ಹೋದ ವರ್ಷ ಅಪ್ಪ ತೀರಿಕೊಂಡರು. ಆಮೇಲೆ ಇವನು ಬೇರೆ ತರಹದ ಹಾಡು ಕೇಳಲು ಶುರು ಮಾಡಿದ. ಯಾವಾಗ ನೋಡಿದರೂ ಕಿವಿಯಲ್ಲಿ ಅದೇ. ಒಂದು ದಿನ ಲೋಕಲ್ ರೈಲಿನಲ್ಲಿ ಪಕ್ಕದಲ್ಲೇ ನಿಂತಿದ್ದೆ. ಅವನ ಒಂದು ಇಯರ್‌ಫೋನ್ ತೆಗೆದು ನನ್ನ ಕಿವಿಗೆ ಇಟ್ಟುಕೊಂಡೆ. ಡ್ರಮ್ಮು ಹೊಲಿಗೆ ಮಷಿನ್ನಿನ ಹಾಗೆ ಓಡುತ್ತಿತ್ತು. ಮೇಲೆ ಒಬ್ಬ ಮನುಷ್ಯ ಗಂಟಲು ಹರಿದುಹೋಗುವ ಹಾಗೆ ಕೂಗುತ್ತಿದ್ದ. ಒಂದು ಪದವೂ ತಿಳಿಯಲಿಲ್ಲ. ಕಲ್ಯಾಣ ಸ್ಟೇಷನ್ ಬರುವವರೆಗೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕೇಳಿದರೆ ‘ಅಮ್ಮ, ಇದು ಕ್ರಿಶ್ಚಿಯನ್ ಮೆಟಲ್, ಯೇಸುವಿನ ಬಗ್ಗೆಯೇ ಹಾಡು’ ಎಂದ. ಮೆಟಲ್ ಅಂದರೆ ಭಾರೀ ಗಿಟಾರಿನ ಜೋರು ರಾಕ್ ಸಂಗೀತವಂತೆ.

ಈಗ ವಿಷಯಕ್ಕೆ ಬರುತ್ತೇನೆ. ಅವನು ದುಡ್ಡು ಕೂಡಿಸಿ ಒಂದು ಕಪ್ಪು ಟೀ ಶರ್ಟ್ ತರಿಸಿಕೊಂಡಿದ್ದಾನೆ. ಬ್ಯಾಂಡಿನ ಹೆಸರು ಡೀಮನ್ ಹಂಟರ್. ಎದೆಯ ಮೇಲೆ ಕೊಂಬಿನ ಬುರುಡೆ. ಶನಿವಾರ ಅದನ್ನೇ ಹಾಕಿಕೊಂಡು ಸಭೆಯ ಹಾಡಿನ ಅಭ್ಯಾಸಕ್ಕೆ ಹೋದ. ಹಿರಿಯರೊಬ್ಬರು ಎಲ್ಲರ ಮುಂದೆ ಗಿಟಾರ್ ಕೆಳಗಿಡು ಎಂದರಂತೆ. ದೇವರ ಮನೆಗೆ ಸೈತಾನನನ್ನು ಹೊತ್ತು ತಂದಿದ್ದೀಯ ಎಂದರಂತೆ. ಮಗ ಮನೆಗೆ ಬಂದು ಊಟ ಮಾಡಲಿಲ್ಲ. ‘ನಾನು ಇನ್ನು ಬರೋದಿಲ್ಲ’ ಎಂದು ಬಾಗಿಲು ಹಾಕಿಕೊಂಡ.

ನನಗೆ ನಿಜವಾಗಿಯೂ ಗೊತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಇಂಥ ಸಂಗೀತದಲ್ಲಿ ನಿಜವಾಗಲೂ ನಂಬಿಕೆ ಇರುತ್ತದಾ? ಅಥವಾ ಮಗ ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾನಾ? ಆ ಟೀ ಶರ್ಟ್ ತೆಗೆದು ಬಿಸಾಡಲಾ? ತಿಳಿದವರು ಹೇಳಿ. ಸುಮ್ನೆ ಹೆದರಿಸಬೇಡಿ, ಹೆದರಿಕೆ ನನ್ನ ಹತ್ತಿರ ಬೇಕಾದಷ್ಟಿದೆ.

ಕಲಿನಾ ಹುಡುಗಿ

ಅಕ್ಕಾ, ದಯವಿಟ್ಟು ಬಿಸಾಡಬೇಡಿ. ಡೀಮನ್ ಹಂಟರ್ ಅಂದರೆ ದೆವ್ವವನ್ನು ಬೇಟೆಯಾಡುವವನು ಅಂತ. ಅಮೆರಿಕದ ಸಿಯಾಟಲ್‌ನಲ್ಲಿ ಇಬ್ಬರು ಅಣ್ಣ ತಮ್ಮಂದಿರು ಕಟ್ಟಿದ ಬ್ಯಾಂಡ್. ನಂಬಿಕೆಯನ್ನು ಮುಚ್ಚಿಟ್ಟವರಲ್ಲ. ಆ ಬುರುಡೆಯ ಹಣೆ ಒಂದು ಸಲ ಸರಿಯಾಗಿ ನೋಡಿ, ಅಲ್ಲೊಂದು ಗುಂಡಿನ ತೂತು ಇರುತ್ತದೆ. ಅದು ಸತ್ತ ದೆವ್ವ.

ನಾವು ಮಂಗಳೂರು ಕಡೆಯ ಕಥೋಲಿಕರು. ಮನೆಯಲ್ಲಿ ಕೊಂಕಣಿ, ಓದುವುದು ಬರೆಯುವುದು ಕನ್ನಡದಲ್ಲಿ. 2008ರ ಫೆಬ್ರವರಿಯಲ್ಲಿ ಐರನ್ ಮೇಡನ್ ಎಂಬ ಮೆಟಲ್ ಬ್ಯಾಂಡ್ ಮುಂಬೈಗೆ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ನಮ್ಮ ಮನೆಗೆ ಎಷ್ಟು ಹತ್ತಿರ ಗೊತ್ತಲ್ವಾ, ನಡೆದೇ ಹೋದೆ. ಬೈಬಲ್ಲಿನ ಪ್ರಕಟನೆ ಪುಸ್ತಕದ 13ನೇ ಅಧ್ಯಾಯದ ಮೃಗದ ಸಂಖ್ಯೆಯ (666) ಬಗ್ಗೆ ಹಾಡಿರುವ ಬ್ಯಾಂಡು ಅದು. ನನ್ನ ಅಜ್ಜಿ ಹೊರಡುವಾಗ ನನ್ನ ಕೈಗೆ ಜಪಸರ ಕಟ್ಟಿ ಕಳಿಸಿದ್ದರು. ಅವರ ಆಗಿನ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಪಕ್ಕಾ ನಂಬಿಕೆಯ ಮನುಷ್ಯ, 1999ರಿಂದ ಕ್ರಿಸ್ತನನ್ನು ಹಿಂಬಾಲಿಸುತ್ತಿದ್ದಾರೆ ಎಂದು ನನಗೆ ಆಮೇಲೆ ಗೊತ್ತಾಯಿತು. ಅಜ್ಜಿಗೆ ಹೇಳಿದೆ. ಅಜ್ಜಿ ಅವರ ಹೆಸರನ್ನೂ ಸಂಜೆಯ ಪ್ರಾರ್ಥನೆಗೆ ಸೇರಿಸಿಕೊಂಡರು. ಸಾಯುವವರೆಗೂ ಬಿಡಲಿಲ್ಲ.

ಕಾರ್ನ್ ಬ್ಯಾಂಡಿನ ಗಿಟಾರಿಸ್ಟ್ ಬ್ರಯಾನ್ ವೆಲ್ಚ್ ವಿಷಯವೂ ಮಗನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ. ಮಾದಕ ಚಟದಲ್ಲಿ ಮುಳುಗಿದ್ದವರು. 2005ರಲ್ಲಿ ಬ್ಯಾಂಡ್ ಬಿಟ್ಟು ಕ್ರಿಸ್ತನ ಕಡೆ ಬಂದರು, ಯೋರ್ದನ್ ನದಿಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. 2013ರಲ್ಲಿ ಮತ್ತೆ ಅದೇ ಬ್ಯಾಂಡಿಗೆ ಹೋದರು, ನಂಬಿಕೆಯನ್ನು ಜೊತೆಗೆ ತೆಗೆದುಕೊಂಡೇ ಹೋದರು.

ಮಗನ ಪಕ್ಕ ಕೂತು ಹಾಡಿನ ಮಾತುಗಳನ್ನು ಓದಿ ಅಕ್ಕಾ. ಕಿವಿಗೆ ತಿಳಿಯದಿದ್ದರೂ ಬರಹದಲ್ಲಿ ಎಲ್ಲ ಸಿಗುತ್ತದೆ.

ಪರೇಲ್ ವರ್ಕ್‌ಶಾಪ್

ತಂಗಿ, ನಿಮ್ಮ ಮಾತು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಇದು ನನ್ನದೇ ಕಥೆ. ಸ್ವಲ್ಪ ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದೆ, ಈಗ ನಿವೃತ್ತಿ. ನಮ್ಮದು ಧಾರವಾಡ ಕಡೆ, ನಿಮ್ಮ ಹಾಗೆಯೇ ಮಿಷನ್ ಮನೆತನ. 1988ರಲ್ಲಿ ನನಗೆ 20 ವರ್ಷ. ದುಬೈಯಲ್ಲಿದ್ದ ಚಿಕ್ಕಪ್ಪನ ಮಗ ಒಂದು ಕ್ಯಾಸೆಟ್ ತಂದುಕೊಟ್ಟ. ಸ್ಟ್ರೈಪರ್ ಎಂಬ ಬ್ಯಾಂಡು, ಕ್ಯಾಲಿಫೋರ್ನಿಯಾದವರು. ಹಳದಿ ಕಪ್ಪು ಪಟ್ಟೆಯ ಬಟ್ಟೆ, ಹೆಂಗಸರ ಹಾಗೆ ಉದ್ದ ಕೂದಲು. ಹೆಸರಿನ ಕೆಳಗೆ ಸಣ್ಣದಾಗಿ ‘ಯೆಶಾಯ 53:5’ ಎಂದು ಅಚ್ಚಾಗಿತ್ತು. ಸತ್ಯವೇದ ತೆಗೆದು ನೋಡಿದೆ. ‘ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು.’ ಹಳೆಯ ಇಂಗ್ಲಿಷ್ ಬೈಬಲ್ಲಿನಲ್ಲಿ ಅಲ್ಲಿ ‘ಸ್ಟ್ರೈಪ್ಸ್’ ಎಂಬ ಪದವಿದೆ. ಬಟ್ಟೆಯ ಮೇಲಿನ ಪಟ್ಟೆಗೂ ಅದೇ ಪದ, ಚಾಟಿಯಿಂದ ಮೈ ಮೇಲೆ ಏಳುವ ಬರೆಗೂ ಅದೇ ಪದ. ಕನ್ನಡದಲ್ಲಿ ಓದುವ ನಮಗೆ ಅದು ತಕ್ಷಣ ಹೊಳೆಯುವುದಿಲ್ಲ. ಹೊಳೆದ ದಿನ ನಾನು ಬೈಕಲಾದ ಚಾಳಿನ ಮೆಟ್ಟಿಲ ಮೇಲೆ ಕೂತಿದ್ದೆ. ಆ ಹಳದಿ ಕಪ್ಪು ವೇಷವನ್ನು ಬರೀ ಶೋಕಿ ಅಂದುಕೊಂಡಿದ್ದೆ. ಯೇಸುವಿನ ಬೆನ್ನ ಮೇಲಿನ ಬರೆಗಳನ್ನು ಇವರು ಮೈ ತುಂಬ ಹೊದ್ದುಕೊಂಡು ಕುಣಿಯುತ್ತಿದ್ದಾರೆ ಎಂದು ಗೊತ್ತಾದಾಗ ಕಣ್ಣಲ್ಲಿ ನೀರು ಬಂತು. ಭಾನುವಾರದ ಯಾವ ಪ್ರಸಂಗದಲ್ಲೂ ಆ ವಚನ ನನಗೆ ಅಷ್ಟು ಹತ್ತಿರ ಬಂದಿರಲಿಲ್ಲ.

ಆ ಬ್ಯಾಂಡಿನವರು ವೇದಿಕೆಯಿಂದ ಜನರ ಮೇಲೆ ಹೊಸ ಒಡಂಬಡಿಕೆಯ ಪುಸ್ತಕಗಳನ್ನು ಎಸೆಯುತ್ತಿದ್ದರು. ಬೇರೆ ಬ್ಯಾಂಡಿನವರು ಬಾಟಲಿ ಹಿಡಿದು ನಿಲ್ಲುವ ಜಾಗದಲ್ಲಿ ಇವರು ಸುವಾರ್ತೆ ಹಂಚಿದರು. ಅದಕ್ಕೆ ಎರಡೂ ಕಡೆಯಿಂದ ಬೈಗುಳ ತಿಂದರು. ಮೆಟಲ್ ಕೇಳುವವರು ಇವರನ್ನು ಹಂಗಿಸಿದರು. ಅಮೆರಿಕದ ಟಿವಿ ಬೋಧಕರು ಕುರಿಯ ವೇಷದ ತೋಳ ಎಂದರು. ಆದರೂ 1986ರಲ್ಲಿ ಬಂದ ಅವರ ಆಲ್ಬಂ ಅಮೆರಿಕದಲ್ಲೇ 10 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ನನ್ನ ಕ್ಯಾಸೆಟ್ ಅದೇ. ಹೆಸರು ‘ಟು ಹೆಲ್ ವಿತ್ ದ ಡೆವಿಲ್’. ಸೈತಾನ ನರಕಕ್ಕೆ ಹೋಗಲಿ ಎಂದು ಅರ್ಥ.

ಈ ಹೆಸರೇ ನನಗೆ ಮುಳುವಾಯಿತು. 1989ರ ಬೇಸಿಗೆಯಲ್ಲಿ ಯುವಜನರ ಒಂದು ಕೂಟ. ಹೊರಗಿನಿಂದ ಒಬ್ಬ ಬೋಧಕರು ಬಂದಿದ್ದರು. ಮೂರನೇ ಸಂಜೆ, ಮನೆಯಲ್ಲಿರುವ ಲೋಕದ ಹಾಡುಗಳನ್ನೆಲ್ಲ ತಂದು ದೇವರ ಮುಂದೆ ಬಿಟ್ಟುಬಿಡಿ ಎಂದರು. ಹಾಲ್‌ನ ಹಿಂದೆ ಡಾಂಬರಿನ ಡ್ರಮ್ಮಿನಲ್ಲಿ ಬೆಂಕಿ ಹಾಕಿದ್ದರು. ನನ್ನ ಚೀಲದಲ್ಲಿ ಈ ಕ್ಯಾಸೆಟ್ ಕಂಡಿತು. ಒಳಗಿನ ಕಾಗದ ತೆಗೆದು ಯೆಶಾಯ ಎಂದು ತೋರಿಸಿದೆ. ‘ಅಯ್ಯನವರೇ, ಹಾಡಿನ ಮಾತು ಒಂದು ಸಲ ಓದಿ’ ಎಂದೆ. ಅವರು ಓದಲಿಲ್ಲ. ಕವರಿನ ಮೇಲೆ ನರಕ, ಸೈತಾನ ಎಂಬ ಎರಡು ಪದ ಕಂಡವು, ಅಷ್ಟೇ ಸಾಕಾಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಕೈಯಿಂದಲೇ ಬೆಂಕಿಗೆ ಹಾಕಿದೆ. ಟೇಪು ಸುರುಳಿಯಾಗಿ ಮುದುಡಿ ಕರಗಿತು. ಆ ಪ್ಲಾಸ್ಟಿಕ್ ವಾಸನೆ ಇವತ್ತಿಗೂ ಮರೆತಿಲ್ಲ. ಒಳಗಿನ ಕಾಗದ ಮಾತ್ರ ಮುಷ್ಟಿಯಲ್ಲಿ ಉಳಿದಿತ್ತು.

ಮುಂದಿನ ಭಾನುವಾರ ಚರ್ಚಿಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಹೀಗೆ 11 ವರ್ಷ. ದೇವರ ಮೇಲೆ ಸಿಟ್ಟಿರಲಿಲ್ಲ. ನನಗೆ ದೇವರು ಸಿಕ್ಕಿದ ಜಾಗವನ್ನೇ ಸುಟ್ಟವರ ಜೊತೆ ಕೂತು ಹಾಡಲು ಆಗಲಿಲ್ಲ. ಮಗಳ ದೀಕ್ಷಾಸ್ನಾನದ ದಿನ ವಾಪಸ್ ಬಂದೆ. ನಿಮ್ಮ ಮಗ ‘ಇನ್ನು ಬರೋದಿಲ್ಲ’ ಅಂದ ಎಂದು ಓದಿದಾಗ ನನಗೆ ಆ 11 ವರ್ಷ ನೆನಪಾಯಿತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಈ ಸಂಗೀತ ಎಲ್ಲಿಂದ ಬಂತು ಅಂತಲೂ ಹೇಳಬೇಕು, ಯಾಕೆಂದರೆ ಇದು ಸೈತಾನನ ಅಂಗಡಿಯಿಂದ ಬಂದದ್ದು ಎಂದೇ ನಮ್ಮವರ ನಂಬಿಕೆ. ಹೆವಿ ಮೆಟಲ್ ಶುರುವಾಯಿತು ಎಂದು ಎಲ್ಲರೂ ಬೆರಳು ತೋರಿಸುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬ್ಬತ್ ಕಡೆಗೆ. ಅವರು ಕಾರ್ಖಾನೆಯ ಮನೆಗಳಿಂದ ಬಂದ ಹುಡುಗರು. ಗಿಟಾರ್ ನುಡಿಸುವ ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿದ್ದ. ಮಷಿನ್ನಿಗೆ ಕೈ ಸಿಕ್ಕು ಬಲಗೈಯ ಎರಡು ಬೆರಳ ತುದಿ ಹೋಯಿತು. ಎಡಚನಾದ್ದರಿಂದ ತಂತಿ ಒತ್ತುವುದೇ ಆ ಕೈಯಲ್ಲಿ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತೆಳು ತಂತಿ ಹಾಕಿದ. ಮುಂದೆ ತಂತಿಗಳನ್ನು ಸಡಿಲ ಬಿಟ್ಟು ಶ್ರುತಿ ಇಳಿಸಿದ. ಆ ಭಾರವಾದ, ನೆಲ ನಡುಗುವ ಸದ್ದಿನಲ್ಲಿ ಈ ಬೆರಳಿನ ನೋವೂ ಸೇರಿದೆ. ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟ ಗೆಳೆಯರನ್ನು ನಾನೂ ನೋಡಿದ್ದೇನೆ. ಅದಕ್ಕೇ ಆ ಸದ್ದು ನನಗೆ ಪರಕೀಯ ಅನ್ನಿಸಲೇ ಇಲ್ಲ.

ಅದೇ ಬ್ಯಾಂಡಿಗೆ ಮಾತು ಬರೆಯುತ್ತಿದ್ದ ಗೀಜರ್ ಬಟ್ಲರ್ ಕಥೋಲಿಕ ಮನೆಯಲ್ಲಿ ಬೆಳೆದವನು. 1971ರ ಅವರ ಆಲ್ಬಂನಲ್ಲಿ ‘ಆಫ್ಟರ್ ಫಾರೆವರ್’ ಎಂಬ ಹಾಡಿದೆ. ಸತ್ತ ಮೇಲೆ ನಿನ್ನ ಆತ್ಮದ ಗತಿ ಏನು, ದೇವರನ್ನು ನಂಬಲು ಯಾಕೆ ನಾಚಿಕೆ ಎಂದು ಕೇಳುವ ಹಾಡು. ಹಾಡುಗಾರ ಓಝಿಯ ತಂದೆ ಟೂಲ್ ಮೇಕರ್. ನಾಲ್ವರಿಗೂ ಲೋಹದ ಶಿಲುಬೆ ಮಾಡಿ ಕೊರಳಿಗೆ ಕೊಟ್ಟರು. ಇದು ಕ್ರಿಶ್ಚಿಯನ್ ಬ್ಯಾಂಡ್ ಅಲ್ಲ, ನಾನು ಹಾಗೆ ಹೇಳುವುದಿಲ್ಲ. ಆದರೆ ಮೊದಲ ದಿನದಿಂದಲೇ ಈ ಸಂಗೀತದಲ್ಲಿ ದೇವರ ಮಾತು ಇತ್ತು.

ಅಲ್ಲಿಂದ ಮುಂದೆ ದಾರಿ ದೊಡ್ಡದಾಯಿತು. ಚಿಕಾಗೋದ ರಿಸರೆಕ್ಷನ್ ಬ್ಯಾಂಡ್‌ನವರು ಒಂದೇ ಸಮುದಾಯವಾಗಿ ಬಡವರ ನಡುವೆ ಇದ್ದು, 1978ರಿಂದ ಆಲ್ಬಂ ತಂದರು. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಹಾಡಿದರು. ಅದೇ ಕಡೆಯ ಟ್ರಬಲ್ ಬ್ಯಾಂಡ್ 1984ರಲ್ಲಿ ತಂದ ಆಲ್ಬಂಗೆ ಆಮೇಲೆ ಬಂದ ಹೆಸರು ‘ಸಾಮ್ 9’, ಅಂದರೆ ಒಂಬತ್ತನೇ ಕೀರ್ತನೆ. ನಾರ್ವೆಯಲ್ಲಿ 1992ರಿಂದ ಬ್ಲ್ಯಾಕ್ ಮೆಟಲ್ ಎಂಬ ಕರ್ಕಶ ಬಗೆಯ ಮೆಟಲ್‌ನ ಕೆಲವರು ನೂರಾರು ವರ್ಷದ ಮರದ ಚರ್ಚುಗಳಿಗೆ ಬೆಂಕಿ ಇಟ್ಟರು. ಇದನ್ನು ನಾನು ಮುಚ್ಚಿಡುವುದಿಲ್ಲ, ನಿಮ್ಮ ಹಿರಿಯರ ಭಯಕ್ಕೆ ಕಾರಣವಿದೆ. ಆದರೆ 1994ರಲ್ಲಿ ಆಸ್ಟ್ರೇಲಿಯಾದ ಒಬ್ಬ ಡ್ರಮ್ಮರ್ ಹೋರ್ಡ್ ಎಂಬ ಹೆಸರಿನಲ್ಲಿ, ಎಲ್ಲ ವಾದ್ಯ ತಾನೇ ನುಡಿಸಿ, ಅದೇ ಕರ್ಕಶ ಶೈಲಿಯಲ್ಲಿ ಕ್ರಿಸ್ತನನ್ನು ಹೊಗಳಿ ಆಲ್ಬಂ ಮಾಡಿದ. ಬೆಂಕಿ ಇಟ್ಟವರ ಭಾಷೆಯಲ್ಲೇ ಉತ್ತರ ಕೊಟ್ಟ.

ನಿಮ್ಮ ಮಗನ ಟೀ ಶರ್ಟಿನ ಹೆಸರು, ನನ್ನ ಕ್ಯಾಸೆಟ್ಟಿನ ಹೆಸರು, ಎರಡೂ ಸೈತಾನನ ವಿರುದ್ಧವೇ ಇವೆ ನೋಡಿ. ಆಗಲೂ ಯಾರೂ ಪೂರ್ತಿ ಓದಲಿಲ್ಲ, ಈಗಲೂ ಓದಲಿಲ್ಲ. ಆ ಹುಡುಗನ ಕೈಯಿಂದ ಏನನ್ನೂ ಕಿತ್ತುಕೊಳ್ಳಬೇಡಿ ತಂಗಿ.

ಸಭೆಯ ಸೇವಕ, ಪುಣೆ

ಸಹೋದರಿ, ನಾನು ಖಡಕಿಯಲ್ಲಿದ್ದೇನೆ. ಸುಮಾರು 30 ವರ್ಷದಿಂದ ಕನ್ನಡ ಆರಾಧನೆಯಲ್ಲಿ ಹಾಡು ನಡೆಸುತ್ತಿದ್ದೇನೆ. ಪರೇಲ್‌ನ ಅಣ್ಣನವರ ನೋವು ಅರ್ಥವಾಗುತ್ತದೆ. ನಿಮ್ಮ ಮಗನಿಗೆ ಎಲ್ಲರ ಮುಂದೆ ಹಾಗೆ ಹೇಳಿದ್ದು ತಪ್ಪು. ಪಕ್ಕಕ್ಕೆ ಕರೆದು ಕೇಳಬಹುದಿತ್ತು.

ಆದರೂ ಎರಡು ಮಾತು ಹೇಳಬೇಕು. ಆರಾಧನೆ ಕೇಳುವವರ ಸಭೆಯಲ್ಲ, ಹಾಡುವವರ ಸಭೆ. ನಮ್ಮಲ್ಲಿ ಅರ್ಧ ಜನ 60 ದಾಟಿದವರು. ಅವರ ದನಿ ಗಿಟಾರಿನ ಕೆಳಗೆ ಮುಳುಗಿಹೋದರೆ ಅದು ಎಷ್ಟೇ ಒಳ್ಳೆಯ ಹಾಡಾದರೂ ನಮ್ಮ ಹಾಡಾಗಿ ಉಳಿಯುವುದಿಲ್ಲ. ಇನ್ನೊಂದು, ಕ್ರಿಶ್ಚಿಯನ್ ಬ್ಯಾಂಡ್ ಎಂಬ ಚೀಟಿ ಅಂಟಿಸಿದ್ದಕ್ಕೆ ಕಣ್ಣು ಮುಚ್ಚಿ ನಂಬಬೇಡಿ. ವೆಂಜನ್ಸ್ ರೈಸಿಂಗ್ ಎಂಬ ಬ್ಯಾಂಡ್ 1988ರಲ್ಲಿ ಕ್ರಿಸ್ತನ ಬಲಿಯ ಬಗ್ಗೆ ಎಂಥ ಉಗ್ರವಾದ ಆಲ್ಬಂ ಮಾಡಿತು. ಅದರ ಹಾಡುಗಾರನೇ ಮುಂದೆ ನಂಬಿಕೆ ಬಿಟ್ಟು ಅದರ ವಿರುದ್ಧ ಮಾತಾಡಿದ. ಇನ್ನೊಂದು ಹೆಸರಾದ ಬ್ಯಾಂಡಿನ ಹಾಡುಗಾರನಿಗೆ 2014ರಲ್ಲಿ ಜೈಲು ಶಿಕ್ಷೆಯಾಯಿತು, ಹೆಂಡತಿಯನ್ನು ಕೊಲ್ಲಿಸಲು ಹೊರಟಿದ್ದಕ್ಕೆ. ಹುಡುಗರು ಇವರನ್ನು ಗುರುಗಳಂತೆ ನೋಡುತ್ತಾರೆ. ಅವರು ಬಿದ್ದ ದಿನ ಮಗನ ಕೈ ಹಿಡಿಯಲು ಮನೆಯಲ್ಲಿ ಯಾರಾದರೂ ಇರಬೇಕು.

ಪರೇಲ್ ವರ್ಕ್‌ಶಾಪ್

ಸೇವಕರೇ, ನೀವು ಹೇಳಿದ ಎರಡನೆಯದನ್ನು ಪೂರ್ತಿ ಒಪ್ಪುತ್ತೇನೆ. ಮೊದಲನೆಯದಕ್ಕೆ ಒಂದೇ ಮಾತು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ 2006ರಿಂದ ‘ಮೆಟಲ್ ಆರಾಧನೆ’ ನಡೆಯುತ್ತಿದೆ. ಲೂಥರನ್ ಚರ್ಚೇ ನಡೆಸುತ್ತದೆ. ಗೀತೆಪುಸ್ತಕದ ಹಳೆಯ ಹಾಡುಗಳನ್ನೇ ಭಾರೀ ಗಿಟಾರಿನ ಜೊತೆ ಸಭೆಯೆಲ್ಲ ನಿಂತು ಹಾಡುತ್ತದೆ. ನಮ್ಮ ಗೀತೆಪುಸ್ತಕದಲ್ಲಿ ಎಷ್ಟು ಜರ್ಮನ್ ರಾಗಗಳಿವೆ ನಿಮಗೆ ಗೊತ್ತು. ಆ ರಾಗಗಳು ಧಾರವಾಡಕ್ಕೆ ಬಂದಾಗ ನಮ್ಮ ಮುತ್ತಜ್ಜಂದಿರ ಕಿವಿಗೆ ಎಷ್ಟು ವಿಚಿತ್ರ ಅನ್ನಿಸಿರಬೇಕು! ನಮ್ಮ ತಂದೆ ಹೇಳುತ್ತಿದ್ದರು, ಅವರ ಊರ ಚರ್ಚಿಗೆ ಮೊದಲ ಸಲ ತಬಲಾ ತಂದಾಗ, ನಾಟಕ ಕಂಪನಿಯ ವಾದ್ಯ ಇಲ್ಲಿಗ್ಯಾಕೆ ಎಂದು ಇಬ್ಬರು ಹಿರಿಯರು ಎದ್ದು ಹೊರಗೆ ಹೋದರಂತೆ. ಈಗ ತಬಲಾ ಇಲ್ಲದೆ ಅಲ್ಲಿ ಕ್ರಿಸ್‌ಮಸ್ ಇಲ್ಲ.

ತೀವ್ರ ಮಧ್ಯಮ

ಅಕ್ಕಾ, ನಾನೂ ಡೊಂಬಿವಲಿಯವನೇ. ಕ್ರೈಸ್ತನಲ್ಲ, ನಮ್ಮದು ಹುಬ್ಬಳ್ಳಿ ಕಡೆಯ ವೈಷ್ಣವ ಮನೆ. ಹಿಂದೂಸ್ತಾನಿ ಕಲಿಯುತ್ತೇನೆ, ವಾರಕ್ಕೆ ಎರಡು ದಿನ ಮೆಟಲ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತೇನೆ. ನಂಬಿಕೆಯ ವಿಷಯ ದೊಡ್ಡವರು ಹೇಳಿದ್ದಾರೆ. ಸದ್ದಿನ ವಿಷಯ ನಾನು ಹೇಳಬಹುದು.

‘ಸಂಗೀತದಲ್ಲಿ ಸೈತಾನ’ ಎಂದು ಪಶ್ಚಿಮದಲ್ಲಿ ಒಂದು ಸ್ವರಜೋಡಿಗೆ ಹೆಸರಿದೆ. ಬ್ಲ್ಯಾಕ್ ಸಬ್ಬತ್ 1970ರಲ್ಲಿ ತಮ್ಮ ಮೊದಲ ಆಲ್ಬಂನ ಮೊದಲ ಹಾಡನ್ನು ಅದರಿಂದಲೇ ಶುರು ಮಾಡಿದರು. ಹಳೇ ಕಾಲದಲ್ಲಿ ಚರ್ಚು ಇದನ್ನು ನಿಷೇಧಿಸಿತ್ತು ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ, ಅದಕ್ಕೆ ಆಧಾರವಿಲ್ಲ. ಆ ಜೋಡಿ ಯಾವುದು ಗೊತ್ತಾ? ನಮ್ಮ ಷಡ್ಜ ಮತ್ತು ತೀವ್ರ ಮಧ್ಯಮ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಡುವ ಯಮನ್ ರಾಗದಲ್ಲಿ ಅದಿದೆ. ಕರ್ನಾಟಕ ಸಂಗೀತದ ಕಲ್ಯಾಣಿಯಲ್ಲೂ ಅದಿದೆ, ಹೆಸರಿನಲ್ಲೇ ಮಂಗಳ ಇರುವ ರಾಗ. ನನ್ನ ಗುರುಗಳು ತಂಬೂರಿಯ ಮೇಲೆ ಆ ಮಧ್ಯಮವನ್ನು ನಿಲ್ಲಿಸಿದರೆ ಕೋಣೆಯೇ ಬೆಳಗಿದ ಹಾಗೆ ಆಗುತ್ತದೆ. ಅದೇ ಸ್ವರವನ್ನು ಗಿಟಾರಿನಲ್ಲಿ ಸದ್ದು ಒಡೆದು, ಶ್ರುತಿ ಇಳಿಸಿ, ನಿಧಾನವಾಗಿ ಎಳೆದರೆ ಮೈ ನಡುಗುತ್ತದೆ. ಸ್ವರದಲ್ಲಿ ದೆವ್ವವೂ ಇಲ್ಲ, ದೇವರೂ ಇಲ್ಲ ಅಂತ ನನಗೆ ಅನ್ನಿಸುತ್ತದೆ. ನುಡಿಸುವವನು ಏನು ತಂದನೋ ಅದೇ ಇರುತ್ತದೆ.

ಆ ಕೂಗಿನ ಬಗ್ಗೆ. ಅದನ್ನು ಗ್ರೌಲ್ ಅನ್ನುತ್ತಾರೆ. ಹಾಡುಗಾರರು ಹಾಗೇ ಸುಮ್ನೆ ಕಿರುಚುವುದಿಲ್ಲ. ಹೊಟ್ಟೆಯಿಂದ ಉಸಿರು ಹಿಡಿದು, ಧ್ವನಿ ಪೊರೆಗಳ ಮೇಲಿನ ಭಾಗವನ್ನು ಅದುರಿಸಿ, ಗಂಟಲಿಗೆ ಏಟಾಗದ ಹಾಗೆ ವರ್ಷಗಟ್ಟಲೆ ಸಾಧನೆ ಮಾಡುತ್ತಾರೆ. ನಿಮ್ಮ ಮಗ ಅದನ್ನು ಕಲಿಯಲು ಹೊರಟರೆ ತಿಳಿದವರ ಹತ್ತಿರ ಕಲಿಯಲಿ. ಮತ್ತೆ ಲೋಕಲ್‌ನ ಗದ್ದಲದ ಮೇಲೆ ಕೇಳಿಸಲಿ ಎಂದು ಇಯರ್‌ಫೋನ್ ಜೋರು ಮಾಡುತ್ತಾನಲ್ವಾ, ಅದನ್ನು ಮಾತ್ರ ಗಟ್ಟಿಯಾಗಿ ಬೇಡ ಅನ್ನಿ. ಹೋದ ಕಿವಿ ವಾಪಸ್ ಬರುವುದಿಲ್ಲ, ನಿಮಗೆ ನಾನು ಹೇಳಬೇಕಾಗಿಲ್ಲ.

ನನಗೂ ಆಗಸ್ಟ್ ಬರ್ನ್ಸ್ ರೆಡ್ ಎಂಬ ಬ್ಯಾಂಡ್ ಬಹಳ ಇಷ್ಟ. ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನವರು, ಕ್ರಿಶ್ಚಿಯನ್ ಮೆಟಲ್ ಬ್ಯಾಂಡ್ ಎಂದು ಹೆಸರಾದವರು. ಅವರ ಡ್ರಮ್ ಕೇಳಿಯೇ ನಾನು ಎರಡು ಕಾಲಿನ ಪೆಡಲ್ ಕಲಿತದ್ದು. ಅವರ ದೇವರು ನನ್ನ ದೇವರಲ್ಲ, ಆದರೆ ಅವರು ಮನಸ್ಸಿಟ್ಟು ಕೂಗುವಾಗ ನನಗೂ ಒಳಗೆ ಏನೋ ಹಗುರಾಗುತ್ತದೆ. ಮಗನಿಗೆ ಜೊತೆ ಬೇಕಿದ್ದರೆ ಹೇಳಿ, ನಮ್ಮ ಅಭ್ಯಾಸದ ಕೋಣೆ ಸ್ಟೇಷನ್‌ನಿಂದ ದೂರವಿಲ್ಲ.

ಬೆಟಗೇರಿ ಮಗಳು, ಡೊಂಬಿವಲಿ

ಎಲ್ಲರಿಗೂ ತುಂಬು ಹೃದಯದ ವಂದನೆ. ತಡವಾಗಿ ಬರೆಯುತ್ತಿದ್ದೇನೆ, ವಾರವೆಲ್ಲ ನೈಟ್ ಡ್ಯೂಟಿ ಇತ್ತು.

ಮೊದಲು ಟೀ ಶರ್ಟ್ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಹಣೆಯಲ್ಲಿ ತೂತು ಇದೆ. ಮಗನನ್ನು ಕರೆದು ತೋರಿಸಿದೆ. ‘ಇದು ಸತ್ತ ದೆವ್ವವಂತೆ, ಹೌದಾ’ ಎಂದೆ. ಅವನ ಮುಖ ನೋಡಬೇಕಿತ್ತು. ‘ನಿನಗೆ ಯಾರು ಹೇಳಿದರು ಅಮ್ಮ’ ಎಂದು ಪಕ್ಕದಲ್ಲೇ ಕೂತುಬಿಟ್ಟ. ಅಪ್ಪ ತೀರಿಕೊಂಡ ಮೇಲೆ ಅವನು ಅಷ್ಟು ಹೊತ್ತು ನನ್ನ ಜೊತೆ ಕೂತದ್ದು ಅದೇ ಮೊದಲು.

ಹಾಡಿನ ಮಾತುಗಳನ್ನು ಓದಿದೆವು. ಕೆಲವು ನನಗೆ ಹಿಡಿಸಲಿಲ್ಲ, ಅದನ್ನೂ ಅವನಿಗೆ ಹೇಳಿದೆ. ಕೆಲವು ಓದುವಾಗ ದನಿ ನಡುಗಿತು. ಸಾವಿನ ಬಗ್ಗೆ, ದೇವರು ಸುಮ್ಮನಿರುವ ಬಗ್ಗೆ. ‘ಇಂಥದ್ದು ನಮ್ಮ ಗೀತೆಗಳಲ್ಲಿ ಯಾಕಿಲ್ಲ’ ಎಂದು ಕೇಳಿದ. ನಾನು 88ನೇ ಕೀರ್ತನೆ ತೆಗೆದು ಕೊಟ್ಟೆ. ಕೊನೆಯವರೆಗೂ ಕತ್ತಲೆಯೇ ಇರುವ ಕೀರ್ತನೆ ಅದು. ಸಮಾಧಾನದ ಒಂದು ಸಾಲೂ ಬರುವುದಿಲ್ಲ. ಅವನು ಎರಡು ಸಲ ಓದಿದ. ಆಮೇಲೆ ಅಜ್ಜನ ಆಸ್ಪತ್ರೆಯ ಕೊನೆಯ ರಾತ್ರಿಯ ಬಗ್ಗೆ ಮಾತಾಡಿದ. ಆ ರಾತ್ರಿ ಅವನು ಹೊರಗೆ ಬೆಂಚಿನ ಮೇಲೆ ಒಬ್ಬನೇ ಇದ್ದ. ನಮಗೆಲ್ಲ ಅದು ಮರೆತೇ ಹೋಗಿತ್ತು.

ಒಂದು ವಿಷಯ ನನಗೇ ಹೊಳೆಯಿತು. ಹೆರಿಗೆ ವಾರ್ಡಿನಲ್ಲಿ 19 ವರ್ಷದಿಂದ ಕೂಗು ಕೇಳುತ್ತಿದ್ದೇನೆ. ಹೆಂಗಸರು ದೇವರ ಹೆಸರು ಹಿಡಿದು ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಮಾತು ತಿಳಿಯುವುದಿಲ್ಲ. ಅದನ್ನು ನಾನು ಯಾವತ್ತೂ ಕೆಟ್ಟದ್ದು ಅಂದುಕೊಂಡಿಲ್ಲ, ಪಕ್ಕದಲ್ಲಿ ನಿಂತು ಕೈ ಹಿಡಿದಿದ್ದೇನೆ. ಯೇಸುಸ್ವಾಮಿಯೂ ಶಿಲುಬೆಯ ಮೇಲೆ ಮೆಲ್ಲಗೆ ಪ್ರಾಣ ಬಿಡಲಿಲ್ಲ, ಗಟ್ಟಿಯಾಗಿ ಕೂಗಿ ಬಿಟ್ಟರು ಎಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಮಗನ ಕಿವಿಯಲ್ಲಿದ್ದ ಕೂಗಿಗೆ ಮಾತ್ರ ನಾನು ಹೆದರಿಬಿಟ್ಟೆ.

ಹಿರಿಯರ ಮನೆಗೆ ಮೂವರೂ ಹೋಗಿ ಬಂದೆವು. ಅವರು ಮೊದಲು ಸರಿಯಾಗಿ ಮಾತಾಡಲಿಲ್ಲ. ಮಗ ಯೆಶಾಯ 53:5ರ ಬಾಸುಂಡೆಯ ವಿಷಯ ಹೇಳಿದಾಗ ಸತ್ಯವೇದ ತರಿಸಿ ತಾವೇ ಓದಿದರು. ಟೀ ಶರ್ಟ್ ಚರ್ಚಿಗೆ ಬೇಡ ಎಂದರು, ಮಗ ಒಪ್ಪಿದ. ಗಿಟಾರ್ ಬಗ್ಗೆ ಇನ್ನೂ ಏನೂ ಹೇಳಿಲ್ಲ, ಮುಂದಿನ ಸಮಿತಿಯಲ್ಲಿ ಕೇಳುತ್ತೇನೆ ಎಂದಿದ್ದಾರೆ. ಪುಣೆಯ ಸೇವಕರು ಹೇಳಿದ್ದನ್ನು ನೆನಪಿಟ್ಟು, ಅಜ್ಜಿಯರ ದನಿ ಮುಳುಗದ ಹಾಗೆ ಸದ್ದು ಇಳಿಸುತ್ತೇನೆ ಎಂದು ಮಗನೇ ಅವರಿಗೆ ಹೇಳಿದ.

ತೀವ್ರ ಮಧ್ಯಮ ಅಣ್ಣ, ಭಾನುವಾರ ಮಧ್ಯಾಹ್ನ ಮಗನನ್ನು ನಿಮ್ಮ ಅಭ್ಯಾಸಕ್ಕೆ ಕಳಿಸುತ್ತೇನೆ. ವಿಳಾಸ ಖಾಸಗಿಯಾಗಿ ಕಳಿಸಿ.

ಪರೇಲ್ ಅಣ್ಣನವರೇ, ನಿಮ್ಮ ಸ್ಟ್ರೈಪರ್ ಹಾಡುಗಳನ್ನು ಮಗ ಹುಡುಕಿ ನಿನ್ನೆ ರಾತ್ರಿ ಮನೆಯಲ್ಲಿ ಹಾಕಿದ. ಇದು ನನಗೆ ಪೂರ್ತಿ ತಿಳಿಯಿತು, ಮಾತೆಲ್ಲ ಕೇಳಿಸಿತು. ನಿಮ್ಮ ಹತ್ತಿರ ಆ ಒಳಗಿನ ಕಾಗದ ಇನ್ನೂ ಇದೆಯಾ? ಇದ್ದರೆ ಒಂದು ಸಲ ನೋಡಬೇಕು ಅಂತ ಮಗ ಕೇಳುತ್ತಿದ್ದಾನೆ. ನೀವು ಹೇಳಿದಲ್ಲಿಗೆ ಕರೆದುಕೊಂಡು ಬರುತ್ತೇನೆ.

ಪರೇಲ್ ವರ್ಕ್‌ಶಾಪ್

ಇದೆ ತಂಗಿ. ಸತ್ಯವೇದದಲ್ಲಿ ಯೆಶಾಯನ ಪುಟದಲ್ಲೇ ಇಟ್ಟಿದ್ದೇನೆ. ಒಂದು ಮೂಲೆ ಸುಟ್ಟಿದೆ, ಮಡಿಕೆ ಬಿಡಿಸುವಾಗ ಹುಷಾರಾಗಿ ಬಿಡಿಸಬೇಕು. ನಾನೇ ಡೊಂಬಿವಲಿಗೆ ಬರುತ್ತೇನೆ. ಗಿಟಾರ್ ಹೊರಗೆ ತೆಗೆದಿಡಲು ಹೇಳಿ.